ಜಡೆಯ ಮೂರನೇ ತಿರುವು

ನನ್ನ ಕೈ ಸಡಿಲವಾಗುತ್ತಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳುವಂಥ ಚಿಂತೆಯಲ್ಲ ಇದು. ಅಮ್ಮನಿಗೆ ಹೇಳಿದರೆ ಟಾನಿಕ್ ಬಾಟಲಿ ತಂದಿಡುತ್ತಾಳೆ. ಹಾಗಾಗಿ ಡೈರಿಯಲ್ಲಿ ಬರೆದೆ. ಬರೆದ ಮೇಲೂ ಚಿಂತೆ ಹಾಗೇ ಇತ್ತು, ಅಕ್ಷರ ಮಾತ್ರ ದುಂಡಗೆ ಬಂದಿತ್ತು.

ಸ್ವೆಟರ್ ಹೆಣೆಯುವ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕೈ ಇರುತ್ತದೆ. ಒಂದೇ ನೂಲು, ಒಂದೇ ಅಳತೆಯ ಕಡ್ಡಿ, ಲೆಕ್ಕ ಹಾಕಿ ಅಷ್ಟೇ ಕುಣಿಕೆ. ಆದರೂ ಇಬ್ಬರು ಹೆಣೆದರೆ ಒಬ್ಬರದು ಒಂದು ಗೇಣು ಅಗಲ ಬರುತ್ತದೆ, ಇನ್ನೊಬ್ಬರದು ಗೇಣಿನ ಮೇಲೆ ಎರಡು ಬೆರಳು. ನನ್ನದು ಬಿಗಿ ಕೈ. ಮಾತು ಹೊರಗೆ ಬಾರದವರ ಕೈ ಹೀಗೇ ಇರುತ್ತದೆ ಎಂಬುದು ದೊಡ್ಡಮ್ಮನ ಸಿದ್ಧಾಂತ. "ನೂಲಿಗೆ ಉಸಿರಾಡೋಕೆ ಬಿಡೇ, ಪಾಪ, ಅದೇನು ತಪ್ಪು ಮಾಡಿದೆ" ಎಂದು ಕಲಿಸುವಾಗಲೇ ಬೈದಿದ್ದರು. ಅವರದು ಸಡಿಲ ಕೈ. ಅವರು ಹೆಣೆದ ಬಟ್ಟೆ ಹಾಕಿಕೊಂಡರೆ ಮೈಮೇಲೆ ಇದೆ ಅನ್ನುವುದೇ ಮರೆತುಹೋಗುತ್ತದೆ.

ಈಗ, ಮೂರು ವರ್ಷದಿಂದ ನನಗಾಗಿಯೇ ಹೆಣೆಯುತ್ತಿರುವ ಹಸಿರು ಶಾಲನ್ನು ಹರಡಿ ನೋಡಿದರೆ, ಶುರುವಿನಲ್ಲಿ ಬಿಗಿಯಾಗಿದ್ದದ್ದು ಬರುಬರುತ್ತ ಅಗಲವಾಗಿ ಸೋರೆಕಾಯಿಯ ಆಕಾರಕ್ಕೆ ಬಂದಿದೆ. ಅಗಲದ ಭಾಗವನ್ನು ಹೆಣೆದದ್ದೂ ನಾನೇ. ಆದರೆ ಅದು ನನ್ನ ಕೈಯಲ್ಲ, ದೊಡ್ಡಮ್ಮನ ಕೈ. ಯಾಕೆ ಹೀಗಾಯಿತು ಎಂಬುದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ತೊಂದರೆ ಇದ್ದದ್ದೂ ಅಲ್ಲೇ.

ದೊಡ್ಡಮ್ಮ ಅಮ್ಮನ ಅಕ್ಕ. ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಅವರ ಮನೆ, ಮೊದಲನೇ ಮಹಡಿ. ಮಗನ ಜೊತೆ ಇದ್ದಾರೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹರಿದ ಹೊದಿಕೆ, ಆಪರೇಷನ್ ಗೌನುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಆಸ್ಪತ್ರೆಯನ್ನು ಅಷ್ಟು ವರ್ಷ ಒಳಗಿನಿಂದ ಕಂಡಿದ್ದಕ್ಕೇ ಏನೋ, ಅದರ ಗೇಟು ದಾಟಲು ಅವರಿಗೆ ಮನಸ್ಸಿಲ್ಲ. ನಿವೃತ್ತಿಯ ಮೇಲೆ ಹೆಣೆಯುವುದೇ ಅವರ ಕೆಲಸ. ನೆಂಟರಲ್ಲಿ, ನೆರೆಯಲ್ಲಿ ಅವರ ಕೈಯ ಟೋಪಿಯೋ ಮಫ್ಲರೋ ಇಲ್ಲದ ಮನೆ ಇಲ್ಲ.

ನಮ್ಮಿಬ್ಬರ ನಡುವೆ ಒಂದು ಏರ್ಪಾಡಿದೆ. ಸ್ವೆಟರಿನ ಬೆನ್ನು, ಎದೆ, ತೋಳುಗಳನ್ನು ಬೇರೆಬೇರೆಯಾಗಿ ಹೆಣೆಯುವುದು ಅವರು. ಆ ತುಂಡುಗಳನ್ನು ಸೂಜಿ ಹಿಡಿದು ಜೋಡಿಸುವುದು ನಾನು. ಜೋಡಿಸುವ ಕೆಲಸ ಅವರಿಗೆ ಆಗದು. "ಜೀವಮಾನ ಪೂರ್ತಿ ಹೊಲಿದಿದೀನಿ, ಇನ್ನು ಸೂಜಿ ಮುಟ್ಟಲ್ಲ, ಅದು ನಿನ್ನ ಪಾಲು" ಅನ್ನುತ್ತಾರೆ. ಹೀಗಾಗಿ ಅವರ ಬಟ್ಟೆಚೀಲ ನನ್ನ ಹೆಗಲೇರಿ ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಬರುತ್ತದೆ, ಅಲ್ಲಿಂದ ನನ್ನ ಜೊತೆ ಕೆಲಸಕ್ಕೂ ಬರುತ್ತದೆ. ನಾನಿರುವುದು ಒಂದು ಹಲ್ಲಿನ ಕ್ಲಿನಿಕ್ಕಿನ ಮುಂಭಾಗದಲ್ಲಿ. ಪದವಿ ಮುಗಿಸಿ ಎರಡು ವರ್ಷವಾಯಿತು, ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ, ಅಲ್ಲಿಯವರೆಗೆ ಇದು. ಹೆಸರು ಬರೆದುಕೊಂಡು, ಕೂರಿಸಿ, ಕರೆದಾಗ ಒಳಗೆ ಕಳಿಸುವುದು. ನಡುವೆ ಬಿಡುವಿದ್ದರೆ ಮೇಜಿನ ಕೆಳಗೆ ಹೆಣೆಯುತ್ತೇನೆ. ನಮ್ಮ ಡಾಕ್ಟರಮ್ಮ ಒಂದು ಸಲ ಬಾಗಿಲಿಂದ ತಲೆ ಹಾಕಿ, "ಸ್ವಲ್ಪ ಮೆಲ್ಲಗೆ ಹೆಣಿಯಮ್ಮ. ಆ ಟಿಕಿಟಿಕಿ ಕೇಳಿ ಒಳಗಿರೋರು ನಾನೇನೋ ಮಸೀತಿದೀನಿ ಅಂದ್ಕೊಂಡು ಬಾಯೇ ಬಿಡ್ತಿಲ್ಲ" ಎಂದಿದ್ದರು.

ಹೋದ ವರ್ಷ ಒಂದು ಮಗುವಿನ ಸ್ವೆಟರು ಜೋಡಿಸಲು ಬಂದಾಗ ಕಂಕುಳ ಹತ್ತಿರ ಒಂದು ಕುಣಿಕೆ ಜಾರಿತ್ತು. ಕೊಕ್ಕೆಯ ಕಡ್ಡಿಯಿಂದ ಎತ್ತಿ ಸರಿಮಾಡಿದೆ. ಎಂಥವರಿಗೂ ಜಾರುತ್ತದೆ, ಹೇಳುವಂಥದ್ದೇನು. ಆಮೇಲೆ ಬಂದ ಟೋಪಿಯಲ್ಲಿ ನಾಲ್ಕು ಜಾರಿದ್ದವು. ಎತ್ತಿದೆ, ಹೇಳಲಿಲ್ಲ. ಕೆಳಗಿನ ಮನೆಯ ನಿವೃತ್ತ ಕಂಪೌಂಡರಿಗೆ ಹೆಣೆದ ಬೂದುಬಣ್ಣದ ತೋಳಿಲ್ಲದ ಸ್ವೆಟರಿನ ಬೆನ್ನನ್ನು ಹರಡಿದಾಗ ಅದು ಒಂದು ಕಡೆ ಎಳೆದುಕೊಂಡಿತ್ತು. ನಡುವೆ ಎಲ್ಲೋ ಎರಡು ಕುಣಿಕೆ ಹೆಚ್ಚಾಗಿ, ಮುಂದೆ ಐದು ಕಡಿಮೆಯಾಗಿ, ಮತ್ತೆ ಮೂರು ಹೆಚ್ಚಾಗಿತ್ತು. ಅದನ್ನು ಎತ್ತಿ ಸರಿಮಾಡುವ ಹಾಗಿರಲಿಲ್ಲ. ಅಂಚಿನವರೆಗೆ ಬಿಚ್ಚಿ ಮತ್ತೆ ಹೆಣೆದೆ. ನನ್ನ ಬಿಗಿ ಕೈಯಲ್ಲಿ ಹೆಣೆದರೆ ಗೊತ್ತಾಗುತ್ತದಲ್ಲ; ಅವರಂತೆ ನೂಲನ್ನು ಕಿರುಬೆರಳಿಗೆ ಸುತ್ತದೆ ಸುಮ್ಮನೆ ಮೇಲೆ ಹಾಯಿಸಿ, ಪ್ರತಿ ಕುಣಿಕೆಗೂ ಉಸಿರು ಬಿಟ್ಟು ಹೆಣೆದೆ. ಮೊದಮೊದಲು ಸುಳ್ಳು ಸಹಿ ಹಾಕಿದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಅನ್ನಿಸುವುದು ನಿಂತಿತು.

ಕಂಪೌಂಡರು ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು ಒಂದು ಸುತ್ತು ತಿರುಗಿದರು. "ಅಮ್ಮಾ, ಮೆಷಿನ್ನು ನಿಮ್ಮ ಕಾಲಿಗೆ ಬೀಳ್ಬೇಕು." ದೊಡ್ಡಮ್ಮನ ಮುಖ ಅರಳಿತು. ನನ್ನ ಮುಖವೂ ಅರಳಿತ್ತೋ ಏನೋ. ಆ ಹೊಗಳಿಕೆಯಲ್ಲಿ ಯಾರದೆಷ್ಟು ಎಂದು ಅವತ್ತು ಡೈರಿಯಲ್ಲಿ ಒಂದು ಪುಟ ಬರೆದೆ. ಓದಿದರೆ ಈಗಲೂ ತಲೆಬುಡ ಗೊತ್ತಾಗುವುದಿಲ್ಲ.

ಇದರ ನಡುವೆ ನನ್ನದೊಂದೂ ಮುಗಿಯಲಿಲ್ಲ. ಅಮ್ಮನ ಕಾಲುಚೀಲ ಒಂದು ಕಾಲಿನದು ಮುಗಿದು ಎಂಟು ತಿಂಗಳು, ಇನ್ನೊಂದರ ನೂಲು ಉಂಡೆಯಾಗಿಯೇ ಇದೆ. ಗೆಳತಿಯ ಮಗುವಿಗೆಂದು ಹಿಡಿದ ಟೋಪಿ ಮುಗಿಯುವಷ್ಟರಲ್ಲಿ ಮಗುವಿನ ತಲೆ ಬೆಳೆದು, ಅದೀಗ ಚಹಾ ಕೆಟಲಿನ ಮುಸುಕಾಗುವ ದಾರಿಯಲ್ಲಿದೆ. ಡಾಕ್ಟರಮ್ಮನ ಮಫ್ಲರು ಮೊಳದುದ್ದದಲ್ಲಿ ನಿಂತಿದೆ. "ನಿನ್ನ ದೊಡ್ಡಮ್ಮನ್ನ ನೋಡಿ ಕಲಿ. ಈ ವಯಸ್ಸಲ್ಲಿ ತಿಂಗಳಿಗೊಂದು ಮುಗಿಸ್ತಾಳೆ. ನೀನು ಅಂಗಡಿ ಇಡೋಳ ಹಾಗೆ ಚೀಲ ಕಟ್ಟಿಕೊಂಡು ಓಡಾಡ್ತೀಯ, ಒಂದು ಕಾಲುಚೀಲ ಕಂಡಿಲ್ಲ ನಾನು" ಅನ್ನುತ್ತಾಳೆ ಅಮ್ಮ. ಒಂದು ಕಂಡಿದ್ದಾಳೆ, ಎರಡನೆಯದು ಕಂಡಿಲ್ಲ. ಹಾಗೆಂದು ತಿದ್ದಲೂ ಇಲ್ಲ ನಾನು.

ಈ ಸಲದ್ದು ಅಣ್ಣನ ಸ್ವೆಟರು. ಅಣ್ಣ ಎಂದರೆ ದೊಡ್ಡಮ್ಮನ ಮಗ. ತರಕಾರಿ, ಹಣ್ಣು ಇಡುವ ಶೀತಲ ಗೋದಾಮಿನಲ್ಲಿ ಸೂಪರ್‌ವೈಸರ್. ಹೊರಗೆ ಬೆವರು ಸುರಿಯುವ ದಿನವೂ ಅವನಿಗೆ ಒಳಗೆ ದಪ್ಪ ಸ್ವೆಟರು ಬೇಕು, ಅಲ್ಲಿಯ ನಿಯಮದಂತೆ ಅದು ಗಾಢ ನೀಲಿಯೇ ಆಗಿರಬೇಕು. ಗಾಢ ನೀಲಿ ನೂಲು ಒಳ್ಳೆಯ ಕಣ್ಣಿನವರನ್ನೂ ಅಳಿಸುತ್ತದೆ. ಕುಣಿಕೆಗೂ ಅದರ ನೆರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದರ ಮೇಲೆ ದೊಡ್ಡಮ್ಮ ಎದೆಯ ಎರಡು ಬದಿಗೂ ಜಡೆ ಡಿಸೈನು ಹಿಡಿದಿದ್ದರು. ಜಡೆಯಲ್ಲಿ ಆರು ಕುಣಿಕೆ. ಎಂಟು ಸಾಲಿಗೊಮ್ಮೆ ಮೂರನ್ನು ಗಿಡ್ಡ ಕಡ್ಡಿಗೆ ದಾಟಿಸಿ ಮುಂದೆ ಹಿಡಿದರೆ ಜಡೆ ಎಡಕ್ಕೆ ತಿರುಗುತ್ತದೆ, ಹಿಂದೆ ಹಿಡಿದರೆ ಬಲಕ್ಕೆ. ಪ್ರತಿ ಸಲವೂ ಒಂದೇ ಕಡೆ ತಿರುಗಿಸಬೇಕು.

ಬೆನ್ನು ಮತ್ತು ಎದೆಯ ತುಂಡುಗಳು ಭುಜ ಜೋಡಿಸಲು ನನ್ನ ಹತ್ತಿರ ಬಂದವು. ಎಡಗಡೆಯ ಜಡೆ ಕೆಳಗಿನಿಂದ ಮೂರನೇ ತಿರುವಿನಲ್ಲಿ ಉಲ್ಟಾ ಹೊರಳಿತ್ತು. ಅದಲ್ಲದೆ ಅಲ್ಲಲ್ಲಿ ಕುಣಿಕೆ ಜಾರಿ, ಕೆಳಗಿನ ಸಾಲುಗಳೂ ಬಿಟ್ಟುಕೊಂಡು ಏಣಿಯ ಮೆಟ್ಟಿಲಿನಂತೆ ಕಾಣುತ್ತಿತ್ತು. ನಾಲ್ಕು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಕೂತು, ಎದೆಯ ತುಂಡನ್ನು ಬಿಚ್ಚಿ ಪೂರ್ತಿ ಹೊಸದಾಗಿ ಹೆಣೆದು, ಭುಜ ಜೋಡಿಸಿ, ಕತ್ತಿನ ಪಟ್ಟಿ ಹಾಕುವುದಕ್ಕೆಂದು ಅವರಿಗೆ ಹಿಂದಿರುಗಿಸಿದೆ. ಕತ್ತಿನ ಪಟ್ಟಿ ಅವರೇ ಹಾಕಬೇಕು, ಅದು ಅವರ ಹಠ.

ಆ ಭಾನುವಾರ ನಾನೂ ಅಮ್ಮನೂ ಅವರ ಮನೆಗೆ ಹೋದಾಗ ಅಣ್ಣ ಕಣ್ಣಿನ ಆಸ್ಪತ್ರೆಯ ಚೀಟಿ ಹಿಡಿದು ಕೂತಿದ್ದ. ಬೀದಿಗೆ ಬಂದಿದ್ದ ಕಣ್ಣಿನ ಶಿಬಿರದಲ್ಲಿ ದೊಡ್ಡಮ್ಮನನ್ನು ಪರೀಕ್ಷಿಸಿದ್ದರು. ಪೊರೆ ಬಲಿತು ಗಟ್ಟಿಯಾಗಿದೆ, ಎರಡು ಕಣ್ಣಿಗೂ. ಇನ್ನೂ ಬಿಟ್ಟರೆ ಒಳಗಿನ ಒತ್ತಡ ಏರಿ ನರಕ್ಕೆ ಪೆಟ್ಟು ಬೀಳುತ್ತದೆ, ಆಮೇಲೆ ಪೊರೆ ತೆಗೆದರೂ ದೃಷ್ಟಿ ಬರುವ ಖಾತ್ರಿಯಿಲ್ಲ ಎಂದಿದ್ದರು ಡಾಕ್ಟರು. ಈ ಮಂಗಳವಾರವಲ್ಲ, ಮುಂದಿನ ಮಂಗಳವಾರಕ್ಕೆ ಆಪರೇಷನ್ನಿಗೆ ಜಾಗ ಸಿಕ್ಕಿತ್ತು. ಬರುತ್ತೇವೋ ಇಲ್ಲವೋ ಎಂದು ಅದರ ಹಿಂದಿನ ಶನಿವಾರ ನಾಲ್ಕು ಗಂಟೆಯೊಳಗೆ ತಿಳಿಸಬೇಕು. ಇಲ್ಲದಿದ್ದರೆ ಇನ್ನು ಐದು ತಿಂಗಳು ಕಾಯಬೇಕು.

"ಜಾಗ ಸಿಕ್ಕಿರೋದೇ ದೊಡ್ಡದು ಅಮ್ಮಾ" ಎಂದ ಅಣ್ಣ.

"ಹಾಗಾದ್ರೆ ನೀನೇ ಹೋಗಿ ಮಲಕ್ಕೋ."

"ನಿನ್ನೆ ಲೋಟದ ಪಕ್ಕಕ್ಕೆ ನೀರು ಸುರಿದ್ಯಲ್ಲ."

"ಲೋಟ ಸರಿದಿತ್ತು."

"ಲೋಟಕ್ಕೆ ಕಾಲು ಬಂದಿತ್ತಾ?"

ದೊಡ್ಡಮ್ಮ ಪಕ್ಕದ ಚೀಲದಿಂದ ನೀಲಿ ಸ್ವೆಟರನ್ನು ತೆಗೆದು ಅವನ ತೊಡೆಯ ಮೇಲೆ ಒಗೆದರು. "ನೋಡು. ಕುರುಡಿ ಹೆಣಿಯೋ ಕೆಲಸವಾ ಇದು? ಇದು ಮುಗೀಲಿ. ಇದ್ರಲ್ಲಿ ಒಂದೇ ಒಂದು ತಪ್ಪು ತೋರ್ಸು, ನಾನೇ ಎದ್ದು ಆಟೋ ಹತ್ತುತೀನಿ. ಇಲ್ಲಾಂದ್ರೆ ಇನ್ನು ಮೇಲೆ ಈ ಮನೇಲಿ ಆಸ್ಪತ್ರೆ ಸುದ್ದಿ ಎತ್ತಬಾರದು."

"ಆಯ್ತು" ಎಂದ ಅಣ್ಣ. ಲೋಟದ ಪಕ್ಕ ನೀರು ಸುರಿಯುವವಳು ಒಂದಾದರೂ ತಪ್ಪು ಮಾಡಿಯೇ ಇರುತ್ತಾಳೆ ಎಂಬ ನಂಬಿಕೆ ಅವನದು. "ಶನಿವಾರ ನೋಡೋಣ. ಚಿಕ್ಕಮ್ಮ ಸಾಕ್ಷಿ." ಆಮೇಲೆ ನನ್ನ ಕಡೆ ತಿರುಗಿ, "ಮೌನಗೌರಿ, ನೀನೂ" ಎಂದ. ಚಿಕ್ಕಂದಿನಿಂದ ನನ್ನನ್ನು ಅವನು ಕರೆಯುವುದು ಹಾಗೇ.

ನಾನು ಗೋಡೆಯ ಮೇಲಿದ್ದ ಗಡಿಯಾರ ನೋಡುತ್ತ ಕೂತೆ. ಅವನ ತೊಡೆಯ ಮೇಲಿದ್ದ ತುಂಡಿನಲ್ಲಿ ತಪ್ಪಿರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ನಾಲ್ಕು ಮಧ್ಯಾಹ್ನ ನಾನೇ ಕಾದು ಕೂತು ತಪ್ಪಿಲ್ಲದಂತೆ ಮಾಡಿದ್ದೆ.

ಹೊರಡುವ ಹೊತ್ತಿಗೆ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಬಾಗಿಲು ಮುಂದಕ್ಕೆ ಮಾಡಿ, ನಲ್ಲಿ ಬಿಟ್ಟರು, ಹೊರಗೆ ಕೇಳಬಾರದೆಂದು.

"ನಿನ್ನ ಬಾಯಿ ಬೀರು ಇದ್ದ ಹಾಗೆ, ಹಾಕಿದ್ದು ಹೊರಗೆ ಬರಲ್ಲ. ಅದಕ್ಕೇ ನಿಂಗೆ ಹೇಳ್ತಿದೀನಿ. ಆ ಜಡೆ ಇದೆಯಲ್ಲ, ಎಡಗಡೇದು. ಮೂರನೇ ತಿರುವು ತಪ್ಪಿತ್ತು ಕಣೇ."

ನಾನು ನೀರಿನ ಕಡೆ ನೋಡಿದೆ.

"ಹೆಣೆಯುವಾಗ ತಿಳೀಲಿಲ್ಲ. ಆಮೇಲೆ ಹಾಸಿ ಕೈಯಾಡಿಸಿದಾಗ ಬೆರಳಿಗೆ ಸಿಕ್ತು. ಬಿಚ್ಚಿದ್ರೆ ಕುಣಿಕೆ ಮತ್ತೆ ಹಿಡಿಯೋದು ಆಗಲ್ಲ ನಂಗೆ. ಹೋಗ್ಲಿ, ಮಗ ತಾನೆ, ಹಾಕ್ಕೋತಾನೆ ಅಂತ ಬಿಟ್ಟೆ. ನಿನ್ನ ಹತ್ರ ಭುಜ ಹೊಲಿಸಿಕೊಂಡು ಬಂದ ಮೇಲೆ ಮತ್ತೆ ಕೈಯಾಡಿಸ್ತೀನಿ, ತಪ್ಪೇ ಇಲ್ಲ. ಹತ್ತು ಸಲ ನೋಡಿದೆ. ಸರಿಯಾಗಿದೆ." ಅವರು ದನಿಯನ್ನು ಇನ್ನೂ ಇಳಿಸಿದರು. "ಕಂಪೌಂಡರ ಸ್ವೆಟರಲ್ಲೂ ಹೀಗೇ ಆಯ್ತು. ಎಳಕೊಂಡಿತ್ತು ಅಂತ ನನಗೆ ನೆನಪು. ಎಳಕೊಂಡಿರಲಿಲ್ಲ. ಇಲ್ಲದ್ದು ನೆನಪಿರುತ್ತೆ, ಇರೋದು ನೆನಪಿಲ್ಲ. ಕಣ್ಣು ಚೆನ್ನಾಗಿದೆ ಕಣೇ. ಹೋಗ್ತಿರೋದು ತಲೆ. ನಮ್ಮಮ್ಮಂಗೆ ಶುರುವಾಗಿದ್ದೂ ಹೀಗೇ. ಕೊನೆಗೆ ನನ್ನನ್ನೇ ನರ್ಸಮ್ಮ ಅಂತಿದ್ಲು."

ನನ್ನ ಅಜ್ಜಿಯ ವಿಷಯ ಅದು. ನಾನು ಹುಟ್ಟುವ ಮೊದಲಿನದು.

"ಅವನಿಗೆ ಹೇಳ್ಬೇಡ" ಎಂದರು. ನಲ್ಲಿ ನಿಲ್ಲಿಸಿದರು.

ಹೇಳಬೇಕಾಗಿದ್ದದ್ದು ನಾಲ್ಕು ಪದ. ಹೇಳಿದರೆ, ಒಂದು ವರ್ಷದಿಂದ ಅವರು ಹಂಚಿದ ಉಡುಗೊರೆಗಳೆಲ್ಲ ಒಂದೇ ಕ್ಷಣದಲ್ಲಿ ಅವರದಲ್ಲದೆ ಹೋಗುತ್ತವೆ. ಹೇಳದಿದ್ದರೆ ಕಣ್ಣು ಹೋಗುತ್ತದೆ, ಅದಕ್ಕೆ ಮೊದಲು ತಲೆ ಹೋಗುತ್ತಿದೆ ಎಂಬ ಹೆದರಿಕೆಯಲ್ಲೇ ಜೀವ ಹೋಗುತ್ತದೆ. ಒಳ್ಳೆಯದು ಮಾಡಲು ಹೋಗಿ ಏನು ಮಾಡಿಟ್ಟೆ ಎಂದು ನಿಂತಲ್ಲೇ ಲೆಕ್ಕ ಹಾಕತೊಡಗಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಕತ್ತಿನ ಪಟ್ಟಿ ಮುಗಿದ ಸ್ವೆಟರನ್ನೂ ಎರಡು ತೋಳುಗಳನ್ನೂ ಚೀಲಕ್ಕೆ ತುಂಬಿ ನನ್ನ ಹೆಗಲಿಗೆ ಹಾಕಿದರು. "ತೋಳು ಜೋಡಿಸಿ, ಪಕ್ಕ ಹೊಲಿದು, ಶನಿವಾರ ತಾ" ಎಂದರು.

ಡೈರಿಯಲ್ಲಿ ಬರೆದೆ: ದೊಡ್ಡಮ್ಮಾ, ನಿಮಗೊಂದು ವಿಷಯ ಹೇಳಬೇಕು. ಹೊಡೆದು ಹಾಕಿದೆ. ದೊಡ್ಡಮ್ಮಾ, ನೀವು ತಪ್ಪು ತಿಳಿಯಬಾರದು. ಅದನ್ನೂ ಹೊಡೆದೆ. ಮೂರನೆಯದರಲ್ಲಿ ಕ್ಷಮೆ ಕೇಳಿದ್ದೆ, ಆದರೆ ಯಾವುದಕ್ಕೆ ಎಂಬುದು ವಾಕ್ಯದಲ್ಲಿ ಬಂದಿರಲಿಲ್ಲ. ಪುಟದ ತುಂಬ ಅಡ್ಡಗೀಟುಗಳೇ ಆದವು.

ಸೋಮವಾರ ಕ್ಲಿನಿಕ್ಕಿನಲ್ಲಿ ಒಂದು ಯೋಚನೆ ಬಂತು. ಆಗ ಅದು ಬಹಳ ಬುದ್ಧಿವಂತ ಯೋಚನೆಯಂತೆ ಕಂಡಿತ್ತು. ತಪ್ಪನ್ನು ನಾನು ತೆಗೆದಿದ್ದೇನೆ, ತಾನೆ. ತೆಗೆದದ್ದನ್ನು ಅದೇ ಜಾಗದಲ್ಲಿ ವಾಪಸು ಇಟ್ಟರಾಯಿತು. ಮೂರನೇ ತಿರುವು ಮೊದಲಿನಂತೆ ಉಲ್ಟಾ ಆಗುತ್ತದೆ. ಅಣ್ಣನಿಗೆ ತಪ್ಪು ಸಿಗುತ್ತದೆ, ಪಂದ್ಯ ಗೆಲ್ಲುತ್ತಾನೆ, ದೊಡ್ಡಮ್ಮ ಆಟೋ ಹತ್ತುತ್ತಾರೆ. ಅವರ ನೆನಪೂ ಸರಿಯಾಗುತ್ತದೆ, ಏಕೆಂದರೆ ನೆನಪಿನಲ್ಲಿದ್ದ ತಪ್ಪು ಇದ್ದ ಜಾಗದಲ್ಲೇ ಇರುತ್ತದೆ. ಯಾರೂ ಏನೂ ಮಾತಾಡಬೇಕಾಗಿಲ್ಲ. ಮುಖ್ಯವಾಗಿ ನಾನು.

ಎಡ ಭುಜದ ಹೊಲಿಗೆ ಬಿಚ್ಚಿ, ಆ ಜಡೆಯ ಆರು ಕುಣಿಕೆಗಳನ್ನಷ್ಟೇ ಮೇಲಿನಿಂದ ಮೂರನೇ ತಿರುವಿನ ತನಕ ಏಣಿಯಂತೆ ಇಳಿಸಿದೆ. ಇಳಿಸಿದ ಮೇಲೆ ಗೊಂದಲ ಶುರುವಾಯಿತು. ಉಲ್ಟಾ ಎಂದರೆ ಅವರು ಹೇಗೆ ಹೊರಳಿಸಿದ್ದರು? ಹಿಂದೆ ಹಿಡಿದಿದ್ದರೋ, ಅಥವಾ ಮೂರರ ಬದಲು ಎರಡೇ ಕುಣಿಕೆ ದಾಟಿಸಿದ್ದರೋ? ಸರಿಮಾಡುವಾಗ ತಪ್ಪನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಸರಿಯನ್ನು ಎಷ್ಟು ಸಲ ಬೇಕಾದರೂ ಹೆಣೆಯಬಹುದು. ಇನ್ನೊಬ್ಬರ ತಪ್ಪನ್ನು ಅವರ ಹಾಗೇ ಹೆಣೆಯುವುದು ಹೇಗೆಂದು ಯಾವ ಪುಸ್ತಕದಲ್ಲೂ ಇಲ್ಲ. ಕಣ್ಣು ಕಾಣದವರ ಕೈ ಯಾವ ಕಡೆ ಹೋಗುತ್ತದೋ ನೋಡೋಣ ಎಂದು ಕಣ್ಣು ಮುಚ್ಚಿ ಹೆಣೆದೆ. ತೆರೆದು ನೋಡಿದರೆ ತಿರುವು ಸರಿಯಾಗಿಯೇ ಬಂದಿತ್ತು. ಇನ್ನೊಮ್ಮೆ ಮುಚ್ಚಿದೆ. ಮತ್ತೆ ಸರಿ.

"ನಿದ್ದೆ ಬಂದ್ರೆ ಒರಗಿಕೊಂಡು ಮಾಡಮ್ಮ, ನಮ್ಗೇನು ಅವಸರ ಇಲ್ಲ" ಎಂದರು ಎದುರಿಗೆ ಕೂತಿದ್ದ, ಒಂದು ಕೆನ್ನೆ ಊದಿದ್ದ ಹೆಂಗಸು. "ಒಳಗೆ ಕರೀದಿದ್ರೇನೇ ಒಳ್ಳೇದು."

ಕೊನೆಗೆ ಕಣ್ಣು ಬಿಟ್ಟುಕೊಂಡೇ ಮೂರು ಕುಣಿಕೆಯನ್ನು ಬೇಕೆಂದು ಹಿಂದೆ ಹಿಡಿದು, ತಪ್ಪು ತಿರುವು ಹಾಕಿದೆ. ಮೇಲಿನ ತಿರುವುಗಳನ್ನು ಒಂದೊಂದಾಗಿ ಎತ್ತಿಕೊಂಡು ಬರಲು ಗುರುವಾರವಾಯಿತು. ಭುಜ ಮತ್ತೆ ಹೊಲಿದು, ತೋಳು, ಪಕ್ಕ ಜೋಡಿಸಿದೆ. ಶನಿವಾರದವರೆಗೆ ನನಗೆ ನೆಮ್ಮದಿಯಿತ್ತು ಎಂದು ಬರೆದುಕೊಂಡಿದ್ದೇನೆ. ನಿಜವಾಗಿ ಇತ್ತೋ ಇಲ್ಲವೋ ಈಗ ಹೇಳಲಾರೆ.

ಶನಿವಾರ ಮೂರು ಗಂಟೆಗೆ ದೊಡ್ಡಮ್ಮನ ಮನೆಯ ಹಾಲಿನಲ್ಲಿ ನಾವು ನಾಲ್ವರೂ ಇದ್ದೆವು. ಕಿಟಕಿ ಪೂರ್ತಿ ತೆರೆದು ಬೆಳಕು ಮಾಡಿದ್ದರು. ಅಣ್ಣ ಗೋದಾಮಿನಿಂದ ನೇರ ಬಂದವನು ಕೈ ತೊಳೆದು, ಸ್ವೆಟರನ್ನು ಹಾಕಿಕೊಂಡು, ಎದೆ ಉಬ್ಬಿಸಿ ನಿಂತ. ಅಮ್ಮ ಕನ್ನಡಕ ಹಾಕಿಕೊಂಡು ಅವನ ಸುತ್ತ ಎರಡು ಪ್ರದಕ್ಷಿಣೆ ಹಾಕಿದಳು.

"ಏನೂ ಕಾಣಲ್ಲಪ್ಪ ನಂಗೆ. ಚೆನ್ನಾಗೇ ಇದೆ" ಎಂದಳು.

"ಸರಿಯಾಗಿ ನೋಡಿ ಚಿಕ್ಕಮ್ಮ."

"ನೋಡಿದೆ. ನಿನ್ನ ಹೊಟ್ಟೆ ಬಂದಿರೋದು ಬಿಟ್ರೆ ಬೇರೆ ತಪ್ಪಿಲ್ಲ."

ಅಣ್ಣ ಕತ್ತು ಬಗ್ಗಿಸಿ ತನ್ನ ಎದೆಯನ್ನೇ ಹುಡುಕಿದ. ಮೂರನೇ ತಿರುವಿನ ಮೇಲೆ ಅವನ ಕಣ್ಣು ಎರಡು ಸಲ ಹಾದುಹೋಯಿತು. ಗಾಢ ನೀಲಿಯಲ್ಲಿ ಅವನಿಗೆ ಏನು ಕಾಣಬೇಕು. "ಇದ್ರಲ್ಲಿ ಏನು ಹುಡುಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ ನಂಗೆ" ಎಂದ. ಇಂಥ ಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ. ಹೆಣೆಯುವವರ ಕಣ್ಣಿಗೆ ಕೂಗಿ ಹೇಳುವ ತಪ್ಪು ಉಳಿದವರ ಕಣ್ಣಿಗೆ ತಪ್ಪೇ ಅಲ್ಲ. "ಮೌನಗೌರಿ, ನೀನೇ ಹೇಳು. ಗೊತ್ತಿರೋಳು ನೀನೊಬ್ಳೇ. ಇದೆಯಾ, ಇಲ್ವಾ?"

ಇದೆ ಎಂದರೆ ಮುಗಿಯುತ್ತಿತ್ತು. ಆದರೆ ಅದು ನಾನು ಹಾಕಿದ ತಪ್ಪು. ಅದನ್ನು ದೊಡ್ಡಮ್ಮನ ತಪ್ಪು ಎಂದು ಬೆರಳು ತೋರಿಸಬೇಕು. ಹಾಗೆಂದು ಅದು ಅವರ ತಪ್ಪಲ್ಲ ಎನ್ನುವುದಕ್ಕೂ ಆಗದು, ಮೊದಲು ಅವರದೇ ಆಗಿತ್ತು. ನಾನು ಸೆರಗಿನ ಅಂಚನ್ನು ಸುತ್ತುತ್ತ ನಿಂತೆ.

"ಇವಳನ್ನ ಕೇಳೋದಕ್ಕಿಂತ ಗೋಡೇನ ಕೇಳೋದು ವಾಸಿ" ಎಂದು ಅಣ್ಣ ಸೋಲೊಪ್ಪಿ ಫೋನ್ ತೆಗೆದ. "ಬರಲ್ಲ ಅಂತ ಹೇಳ್ಬಿಡ್ತೀನಿ. ನೀನು ಗೆದ್ದೆ ಅಮ್ಮಾ."

"ತಡಿ" ಎಂದರು ದೊಡ್ಡಮ್ಮ. "ಬಾ ಇಲ್ಲಿ."

ಅವನು ಹತ್ತಿರ ಹೋಗಿ ಅವರ ಮುಂದೆ ಮೊಣಕಾಲೂರಿದ. ದೊಡ್ಡಮ್ಮ ಎಡಗಡೆಯ ಜಡೆಯ ಮೇಲೆ ಕೆಳಗಿನಿಂದ ಬೆರಳಾಡಿಸಿದರು. ಒಂದು. ಎರಡು. ಮೂರರಲ್ಲಿ ಬೆರಳು ನಿಂತಿತು. ಮತ್ತೆ ಕೆಳಗಿಳಿದು, ಒಂದರಿಂದ ಎಣಿಸಿಕೊಂಡು ಬಂದು, ಮೂರರಲ್ಲಿ ಮತ್ತೆ ನಿಂತಿತು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ತಪ್ಪಿದೆ" ಎಂದರು.

"ಎಲ್ಲಿ?" ಅಣ್ಣ ಕುಣಿದಾಡುವುದೊಂದು ಬಾಕಿ. "ಚಿಕ್ಕಮ್ಮ, ಕೇಳಿಸ್ಕೊಂಡ್ರಾ? ತಾನೇ ಒಪ್ಪಿಕೊಂಡ್ಲು. ಹಾಗಾದ್ರೆ ಮಂಗಳವಾರ ಬರ್ತೀವಿ ಅಂತ ಹೇಳ್ತೀನಿ."

"ಹೇಳ್ಬೇಡ." ದೊಡ್ಡಮ್ಮನ ದನಿ ನಿಧಾನವಾಗಿತ್ತು. "ಕಣ್ಣಿನ ಡಾಕ್ಟರು ಬೇಡ ಕಣೋ. ತಲೆ ನೋಡೋರು ಯಾರಿದಾರೆ ವಿಚಾರ್ಸು."

"ತಲೆ? ತಲೆಗೇನಾಯ್ತು?"

"ಮೊದ್ಲು ಇದು ತಪ್ಪಿತ್ತು. ಆಮೇಲೆ ಸರಿಯಾಗಿತ್ತು, ಹೋದ ಭಾನುವಾರ ಈ ಬೆರಳಲ್ಲೇ ಹತ್ತು ಸಲ ನೋಡಿದೀನಿ. ಈಗ ಮತ್ತೆ ತಪ್ಪಿದೆ. ಉಣ್ಣೆ ತಾನಾಗೇ ಹೊರಳುತ್ತಾ? ಹೊರಳ್ತಿರೋದು ನನ್ನ ತಲೆ." ಅವರು ಅಮ್ಮನ ಕಡೆಗೆ, ಅಮ್ಮ ಇರಬಹುದಾದ ಕಡೆಗೆ, ಮುಖ ತಿರುಗಿಸಿದರು. "ಅಮ್ಮಂಗೂ ಹೀಗೇ ಆಗಿತ್ತಲ್ವಾ. ನೀನು ಚಿಕ್ಕೋಳು, ನಿಂಗೆ ಅಷ್ಟು ಗೊತ್ತಿಲ್ಲ. ನೋಡ್ಕೊಂಡೋಳು ನಾನು."

ಅಮ್ಮ ಹೋಗಿ ಅಕ್ಕನ ಪಕ್ಕ ಕೂತಳು. "ಏನಕ್ಕಾ ನೀನು" ಎಂದಳು.

"ಒಂದು ಸ್ವೆಟರಿಗೆ ಇಷ್ಟೆಲ್ಲ ಯಾಕಮ್ಮ" ಎಂದ ಅಣ್ಣ, ಮೊಣಕಾಲೂರಿದ್ದಲ್ಲಿಂದಲೇ. ಅವನ ದನಿಯಲ್ಲಿದ್ದ ತಮಾಷೆ ಎಲ್ಲೋ ಜಾರಿಹೋಗಿತ್ತು.

"ಸ್ವೆಟರಲ್ಲ ಕಣೋ. ಕಣ್ಣು ತೆರೆಸ್ಕೊಂಡು ನಾನೇನು ನೋಡ್ಲಿ? ನಾಳೆ ನಿಮ್ಮ ಗುರುತೇ ಉಳೀದೆ ಹೋದ್ರೆ, ಕಂಡ್ರೇನು, ಕಾಣದಿದ್ರೇನು. ಆ ಜಾಗ ಬೇರೆ ಯಾರಿಗಾದ್ರೂ ಸಿಗ್ಲಿ. ಫೋನ್ ಮಾಡು, ಬರಲ್ಲ ಅನ್ನು."

ಅಣ್ಣ ಫೋನನ್ನು ನೋಡಿದ, ತಾಯಿಯನ್ನು ನೋಡಿದ. ಯಾವ ಡಾಕ್ಟರಿಗೆ ಮೊದಲು ಫೋನ್ ಮಾಡಬೇಕು ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ಗಡಿಯಾರದಲ್ಲಿ ಮೂರು ಮುಕ್ಕಾಲಾಗಿತ್ತು. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಂಬರ್ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡ. ಆ ಕಡೆ ರಿಂಗಾಗುವುದು ನಮಗೆಲ್ಲ ಕೇಳುತ್ತಿತ್ತು.

"ದೊಡ್ಡಮ್ಮಾ" ಎಂದೆ.

ಯಾರೂ ತಿರುಗಲಿಲ್ಲ. ಬಾಯಿಂದ ಬಂದಿತ್ತೋ, ಒಳಗೇ ಉಳಿದಿತ್ತೋ.

"ದೊಡ್ಡಮ್ಮಾ." ಈ ಸಲ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅಣ್ಣ ಫೋನನ್ನು ಕಿವಿಯಿಂದ ಇಳಿಸಿದ. ಅಮ್ಮ ನನ್ನನ್ನು ಬೇರೆ ಯಾರದೋ ಮಗಳನ್ನು ನೋಡುವಂತೆ ನೋಡಿದಳು. ದೊಡ್ಡಮ್ಮನ ಮುಖ ನನ್ನ ದನಿ ಬಂದ ಕಡೆಗೆ ತಿರುಗಿ, ನನಗಿಂತ ಸ್ವಲ್ಪ ಎಡಕ್ಕೆ ನಿಂತಿತು. ನಾನು ಅಷ್ಟು ಎಡಕ್ಕೆ ಸರಿದು ಅವರ ಎದುರಿಗೆ ಬಂದೆ.

"ನಿಮ್ಮ ತಲೆಗೆ ಏನೂ ಆಗಿಲ್ಲ. ನೀವು ತಪ್ಪು ಹಾಕಿದ್ದೂ ನಿಜ, ಅದು ಹೋಗಿದ್ದೂ ನಿಜ, ಮತ್ತೆ ಬಂದಿದ್ದೂ ನಿಜ. ಬಿಚ್ಚಿ ಬಿಚ್ಚಿ ಹೆಣೀತಿದ್ದೋಳು ನಾನು."